‘ಎಲ್‌ಎಸ್‌ಡಿ ಇದೆ ಸರ್’ ಅಂದರೆ ಏನು ನೋಡಿ ನಂಬ್ತೀರಿ?

ಹಳೇ ಜೀಪು, ಹಳೇ ಕಾರು ಮಾರುವವರ ಬಾಯಲ್ಲಿ ಒಂದು ಮಾತು ಬಂದ ಕೂಡಲೇ ರೇಟು ಏರುತ್ತೆ. "ಹಿಂದೆ ಎಲ್‌ಎಸ್‌ಡಿ ಇದೆ ಸರ್." ಕೇಳುವವನು ಮೆಕ್ಯಾನಿಕಲ್ ಹುಡುಗನಾಗಿದ್ದರೆ ಇನ್ನೂ ಕಷ್ಟ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ, ಗೊತ್ತಿದೆ ಅಂತ ತೋರಿಸೋಕೆ ತಲೆ ಆಡಿಸ್ತಾನೆ. ಪಕ್ಕದಲ್ಲಿರುವ ಸಿಎಸ್ ಫ್ರೆಂಡು "ಅದು ಡ್ರಗ್ಸ್ ಅಲ್ವಾ ಮಗಾ" ಅಂತ ನಗ್ತಾನೆ. ವ್ಯಾಪಾರ ಮುಗಿಯುತ್ತೆ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆಯೋ ಇಲ್ಲವೋ ಅಂತ ಹೊರಗಿನಿಂದ ನೋಡಿದರೆ ಕಾಣಲ್ಲ. ಅದು ಹಿಂದಿನ ಆಕ್ಸೆಲ್ ಹೌಸಿಂಗ್ ಒಳಗೆ, ಗೇರ್ ಆಯಿಲ್‌ನಲ್ಲಿ ಮುಳುಗಿ ಕೂತಿರುತ್ತೆ. ಅದಕ್ಕೇ ಎಲ್ಲರೂ ಒಂದು ಶಾರ್ಟ್‌ಕಟ್ ಹೇಳ್ತಾರೆ: "ಹಿಂದಿನ ಎರಡೂ ಚಕ್ರ ಎತ್ತಿ, ಒಂದನ್ನ ಕೈಯಲ್ಲಿ ತಿರುಗಿಸು. ಇನ್ನೊಂದು ಉಲ್ಟಾ ತಿರುಗಿದರೆ ಮಾಮೂಲಿ ಡಿಫರೆನ್ಷಿಯಲ್, ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ." ವೈವಾದಲ್ಲೂ ಇಷ್ಟು ಹೇಳಿದರೆ ಮಾರ್ಕ್ಸ್ ಸಿಗುತ್ತೆ. ನನ್ನ ತಕರಾರು ಇರೋದೇ ಇಲ್ಲಿ. ಈ ಪರೀಕ್ಷೆ ಸುಳ್ಳಲ್ಲ, ಆದರೆ ತೀರ್ಪು ಕೊಡುವಷ್ಟು ದೊಡ್ಡದೂ ಅಲ್ಲ. ಒಳಗೆ ಯಾವ ಥರದ ಯಂತ್ರ ಇದೆ ಅಂತ ಅಂದಾಜಿಲ್ಲದೆ ಚಕ್ರ ತಿರುಗಿಸಿದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ.

ಮೊದಲು ಡಿಫರೆನ್ಷಿಯಲ್ ಬಗ್ಗೆ ಎರಡೇ ಮಾತು. ನಾಲ್ಕನೇ ಸೆಮ್‌ನಲ್ಲಿ ಓದಿದ್ದೀರಿ, ಮರೆತಿದ್ದೀರಿ, ಪರವಾಗಿಲ್ಲ. ಒಂದು: ಎಡ ಚಕ್ರದ ವೇಗ ಮತ್ತು ಬಲ ಚಕ್ರದ ವೇಗ ಕೂಡಿದರೆ ಕ್ರೌನ್ ವೀಲ್‌ನ ವೇಗದ ಎರಡರಷ್ಟು. ಎರಡು: ಮಾಮೂಲಿ, ಅಂದರೆ ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ ಕೊಡುತ್ತೆ. ಈ ಎರಡನೇದು ಒಳ್ಳೇ ರಸ್ತೆಯಲ್ಲಿ ವರ, ಕೆಸರಲ್ಲಿ ಶಾಪ. ಸಕಲೇಶಪುರದ ಕಡೆ ಮಳೆಗಾಲದ ಎಸ್ಟೇಟ್ ರಸ್ತೆ ಅಂದುಕೊಳ್ಳಿ. ಎಡ ಚಕ್ರ ಕೆಸರಲ್ಲಿದೆ, ಅದು ಹಿಡಿದುಕೊಳ್ಳೋದು ಬರೀ 40 ನ್ಯೂಟನ್ ಮೀಟರ್. ಬಲ ಚಕ್ರ ಗಟ್ಟಿ ಕಲ್ಲಿನ ಮೇಲಿದೆ. ಆದರೂ ಅದಕ್ಕೂ ಸಿಗೋದು 40 ಮಾತ್ರ. ಒಟ್ಟು 80. ಗಾಡಿ ಅಲ್ಲೇ, ಎಡ ಚಕ್ರ ಗಿರಗಿರ, ಹಿಂದೆ ನಿಂತವನ ಶರ್ಟಿನ ತುಂಬ ಕೆಸರು.

ಹಳ್ಳಿಯಿಂದ ಬಂದವರಿಗೆ ಇದಕ್ಕೆ ಪರಿಹಾರ ಬಾಲ್ಯದಿಂದಲೇ ಗೊತ್ತು. ಟ್ರ್ಯಾಕ್ಟರ್‌ನಲ್ಲಿ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುತ್ತೆ, ಎಡ ಬಲಕ್ಕೆ ಬೇರೆ ಬೇರೆ ಬ್ರೇಕೂ ಇರುತ್ತೆ. ಕಾರಿನಲ್ಲಿ ಆ ಕೆಲಸ ತಾನಾಗೇ, ಅರ್ಧಂಬರ್ಧವಾಗಿ ಆಗಲಿ ಅಂತ ಮಾಡಿದ್ದೇ ಎಲ್‌ಎಸ್‌ಡಿ. ಹುಟ್ಟಿದ್ದು ಕೆಸರಿಗಲ್ಲ, ರೇಸಿಗೆ. 1930ರ ದಶಕದಲ್ಲಿ ಆಟೋ ಯೂನಿಯನ್ ರೇಸ್ ಕಾರಿನ ಒಂದು ಹಿಂದಿನ ಚಕ್ರ ಸುಮ್ಮನೆ ಸುತ್ತಿ ಶಕ್ತಿ ಹಾಳು ಮಾಡ್ತಿತ್ತು. ಫರ್ಡಿನಾಂಡ್ ಪೋರ್ಷೆ ಅದಕ್ಕೆ 1935ರಲ್ಲಿ ಜೆಡ್‌ಎಫ್ ಕಂಪನಿಯಿಂದ ಇಂಥದ್ದೊಂದನ್ನ ಮಾಡಿಸಿಕೊಂಡರು. 1950ರ ದಶಕದ ಕೊನೆಗೆ ಅಮೆರಿಕದ ಮಾಮೂಲಿ ಕಾರುಗಳಿಗೂ ಬಂತು. ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು: ಶೆವ್ರೊಲೆಯದ್ದು ಪಾಸಿಟ್ರಾಕ್ಷನ್, ಪಾಂಟಿಯಾಕ್‌ನದ್ದು ಸೇಫ್-ಟಿ-ಟ್ರ್ಯಾಕ್, ಕ್ರೈಸ್ಲರ್‌ನದ್ದು ಶ್ಯೂರ್ ಗ್ರಿಪ್. ಕೊನೆಗೆ ಅಲ್ಲಿನ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಒಂದೇ ಹೆಸರು ನಿಂತಿತು, ಪಾಸಿ. ನಮ್ಮಲ್ಲಿ ಎಲ್ಲ ಫೋಟೋಕಾಪಿಯೂ ಜೆರಾಕ್ಸ್ ಆದ ಹಾಗೆ.

ಆ ಪಾಸಿಟ್ರಾಕ್ಷನ್ ಒಂದು ಸಿನಿಮಾದ ಕೋರ್ಟ್ ಸೀನಿನಿಂದ ಪ್ರಪಂಚಕ್ಕೆಲ್ಲ ಗೊತ್ತಾಯಿತು. 1992ರ ‘ಮೈ ಕಸಿನ್ ವಿನ್ನಿ’. ಆ ಕ್ಲಿಪ್ ನಿಮ್ಮ ಫೋನಿಗೂ ಒಂದಲ್ಲ ಒಂದು ದಿನ ಬಂದಿರುತ್ತೆ. ಅಲಬಾಮಾದಲ್ಲಿ ಇಬ್ಬರು ಹುಡುಗರ ಮೇಲೆ ಕೊಲೆ ಆರೋಪ. ಅವರ ಕಾರು 1964ರ ಬ್ಯೂಯಿಕ್ ಸ್ಕೈಲಾರ್ಕ್. ಕೊಲೆಗಾರರು ಓಡಿಹೋದ ಕಾರು ರಸ್ತೆಯಲ್ಲಿ ಟೈರಿನ ಗುರುತು ಬಿಟ್ಟು ಹೋಗಿದೆ. ಮರೀಸಾ ಟೊಮೆ ಮಾಡಿದ ಪಾತ್ರ ಸಾಕ್ಷಿಕಟ್ಟೆ ಹತ್ತಿ, ಫೋಟೋ ನೋಡಿ, ಎರಡೂ ಚಕ್ರದ ಗುರುತು ಸಮವಾಗಿದೆ, ಆದ್ದರಿಂದ ಪಾಸಿಟ್ರಾಕ್ಷನ್ ಇದ್ದ ಕಾರು ಅನ್ನುತ್ತೆ. ಒಂದು ಪಕ್ಕದ ಚಕ್ರ ಕಟ್ಟೆ ಹತ್ತಿದಾಗಲೂ ಗುರುತು ಚಪ್ಪಟೆಯಾಗೇ ಇದೆ, ಆದ್ದರಿಂದ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇತ್ತು. ಸ್ಕೈಲಾರ್ಕ್‌ಗೆ ಎರಡೂ ಇಲ್ಲ, 1963ರ ಪಾಂಟಿಯಾಕ್ ಟೆಂಪೆಸ್ಟ್‌ಗೆ ಇದೆ. ಹುಡುಗರು ಬಚಾವ್. ಟೊಮೆಗೆ ಆಸ್ಕರ್.

ನನಗೆ ಆ ಸೀನು ತುಂಬಾ ಇಷ್ಟ. ಒಬ್ಬ ಎಂಜಿನಿಯರ್ ಹೇಗೆ ಮಾತಾಡಬೇಕು ಅಂತ ಹೇಳೋಕೆ ಬೇರೆ ಉದಾಹರಣೆ ಬೇಡ. ಆದರೆ ಆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲನ ಪಕ್ಕ ನಮ್ಮ ಡಿಪಾರ್ಟ್‌ಮೆಂಟಿನ ಯಾರಾದರೂ ಕೂತಿದ್ದರೆ ಒಂದು ಪಾಟೀ ಸವಾಲು ಹಾಕಬಹುದಿತ್ತು: "ಓಪನ್ ಡಿಫರೆನ್ಷಿಯಲ್ ಎರಡೂ ಕಡೆ ಸಮ ಟಾರ್ಕ್ ತಾನೇ ಕೊಡೋದು? ಎರಡೂ ಟೈರಿನ ಹಿಡಿತ ಸಮ ಇದ್ದರೆ ಎರಡೂ ಯಾಕೆ ಒಟ್ಟಿಗೆ ಜಾರಬಾರದು?" ಜಾರಬಹುದು. ಸಾಮಾನ್ಯವಾಗಿ ಜಾರಲ್ಲ, ಯಾಕಂದ್ರೆ ಒಂದು ಟೈರು ಕೂದಲೆಳೆಯಷ್ಟು ಮುಂಚೆ ಜಾರಿದರೂ ಸಾಕು, ಜಾರುವ ಟೈರಿನ ಘರ್ಷಣೆ ಕಡಿಮೆಯಾಗಿ ಇನ್ನೊಂದಕ್ಕೂ ಟಾರ್ಕ್ ಸಿಗದ ಹಾಗೆ ಆಗುತ್ತೆ. ಗಟ್ಟಿ ಆಕ್ಸೆಲ್ ಇರುವ ಹಳೇ ಕಾರಿನಲ್ಲಿ ಇನ್ನೊಂದು ಕಾರಣವೂ ಸೇರುತ್ತೆ. ಪ್ರೊಪೆಲ್ಲರ್ ಶಾಫ್ಟ್ ತಿರುಚುವ ಬಲಕ್ಕೆ ಇಡೀ ಆಕ್ಸೆಲ್ ಒಂದು ಪಕ್ಕಕ್ಕೆ ಒರಗಿ, ಹೆಚ್ಚಿನ ಕಾರುಗಳಲ್ಲಿ ಬಲಗಡೆ ಚಕ್ರದ ಭಾರ ಕಡಿಮೆಯಾಗುತ್ತೆ. ಅದಕ್ಕೇ ಆ ಕಾರುಗಳು ಬಲ ಚಕ್ರವನ್ನೇ ಸುಡೋದು. ಈಗ ತಮಾಷೆ ನೋಡಿ. ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಡಿಫರೆನ್ಷಿಯಲ್ ಬಾಡಿಗೇ ಬೋಲ್ಟ್ ಆಗಿರುತ್ತೆ, ಈ ಎರಡನೇ ಕಾರಣ ಹಾಗೆ ಕೆಲಸ ಮಾಡಲ್ಲ. ಅಂದರೆ ಆಕೆಯ ಎರಡನೇ ಸಾಕ್ಷಿಯೇ ಮೊದಲನೇ ಸಾಕ್ಷಿಯನ್ನ ಸ್ವಲ್ಪ ಸಡಿಲ ಮಾಡುತ್ತೆ!

ಹಾಗಾದರೆ ಸಾಕ್ಷಿ ಬಿದ್ದುಹೋಯಿತಾ? ಇಲ್ಲ. ಆಕೆ ಗುರುತೊಂದನ್ನೇ ನಂಬಲಿಲ್ಲ. ಗುರುತು ನೋಡಿದಳು, ಆಮೇಲೆ ಆ ವರ್ಷ ಯಾವ ಕಾರಿಗೆ ಏನೇನು ಬರ್ತಿತ್ತು ಅನ್ನೋ ಪಟ್ಟಿಯನ್ನ ಅದರ ಪಕ್ಕ ಇಟ್ಟಳು, ಕಾರಿನ ಅಳತೆ ಬಣ್ಣ ಇಟ್ಟಳು, ಹೊಂದದಿದ್ದನ್ನೆಲ್ಲ ತೆಗೆದು ಹಾಕಿದಳು. ಕ್ಲಿಪ್ ನೋಡಿದವರು ಅದನ್ನ ಬಿಟ್ಟು "ಎರಡು ಗೆರೆ ಬಂದರೆ ಎಲ್‌ಎಸ್‌ಡಿ" ಅನ್ನೋ ಒಂದು ಸಾಲು ಹಿಡ್ಕೊಂಡರು. ಅದನ್ನೇ ನಂಬಿ ಪಾರ್ಕಿಂಗ್ ಲಾಟ್‌ನಲ್ಲಿ ಕ್ಲಚ್ ಸುಡುವವರೂ ಇದ್ದಾರೆ. ಮಾರುವವನ ಗಾಡಿಯ ಕ್ಲಚ್ ಅದು, ಪಾಪ.

ಈಗ ಜ್ಯಾಕಿ ಪರೀಕ್ಷೆಗೆ ಬರೋಣ. ಇದರಲ್ಲಿ ಮೊದಲ ಪ್ರಶ್ನೆಯನ್ನೇ ಯಾರೂ ಕೇಳಲ್ಲ: ಗೇರ್ ನ್ಯೂಟ್ರಲ್‌ನಲ್ಲಿತ್ತಾ, ಬಿದ್ದಿತ್ತಾ? ಎರಡೂ ಬೇರೆ ಬೇರೆ ಪರೀಕ್ಷೆ. ಗೇರ್ ಹಾಕಿದ್ದರೆ ಎಂಜಿನ್ ಕ್ರೌನ್ ವೀಲನ್ನ ಹಿಡಿದುಕೊಂಡಿರುತ್ತೆ, ಅದರ ವೇಗ ಸೊನ್ನೆ. ಮೇಲಿನ ಸೂತ್ರಕ್ಕೆ ಹಾಕಿ. ಎಡ ಮತ್ತು ಬಲ ಕೂಡಿ ಸೊನ್ನೆ, ಅಂದರೆ ಚಕ್ರ ತಿರುಗಿದರೆ ಇನ್ನೊಂದು ಉಲ್ಟಾ ತಿರುಗಲೇಬೇಕು, ಒಳಗೆ ಓಪನ್ ಇರಲಿ ಎಲ್‌ಎಸ್‌ಡಿ ಇರಲಿ. ಇಲ್ಲಿ ದಿಕ್ಕು ನೋಡೋದರಲ್ಲಿ ಏನೂ ಇಲ್ಲ, ಎಷ್ಟು ಕಷ್ಟಪಟ್ಟು ತಿರುಗುತ್ತೆ ಅನ್ನೋದೇ ವಿಷಯ. ಚೆನ್ನಾಗಿರುವ ಕ್ಲಚ್ ಪ್ಲೇಟ್ ಎಲ್‌ಎಸ್‌ಡಿ ಆಗಿದ್ದರೆ ಬರಿಗೈಯಲ್ಲಿ ತಿರುಗಿಸೋಕೆ ಬೆವರಿಳಿಯುತ್ತೆ, ಎಷ್ಟೋ ಸಲ ಆಗೋದೇ ಇಲ್ಲ.

ನ್ಯೂಟ್ರಲ್‌ನಲ್ಲಿದ್ದರೆ ಕ್ರೌನ್ ವೀಲ್ ಸ್ವತಂತ್ರ. ಆಗ ಇನ್ನೊಂದು ಚಕ್ರ ಯಾವ ಕಡೆ ಹೋಗುತ್ತೆ ಅನ್ನೋದನ್ನ ಸೂತ್ರ ಹೇಳಲ್ಲ, ಎಲ್ಲಿ ಘರ್ಷಣೆ ಕಡಿಮೆಯೋ ಅಲ್ಲಿ ಹೋಗುತ್ತೆ. ಓಪನ್ ಡಿಫರೆನ್ಷಿಯಲ್ ಆಗಿದ್ದರೆ ಸಾಮಾನ್ಯವಾಗಿ ಪ್ರೊಪೆಲ್ಲರ್ ಶಾಫ್ಟ್, ಗೇರ್‌ಬಾಕ್ಸ್ ಎಳೆಯೋದಕ್ಕಿಂತ ಆಚೆ ಚಕ್ರ ಉಲ್ಟಾ ತಿರುಗೋದು ಸುಲಭ, ಅದಕ್ಕೇ ಉಲ್ಟಾ ತಿರುಗುತ್ತೆ. ಆದರೆ ಹಳೇ ಗಾಡಿಯಲ್ಲಿ ಆಚೆ ಚಕ್ರದ ಬ್ರೇಕ್ ಸ್ವಲ್ಪ ಹಿಡ್ಕೊಂಡಿದ್ದರೆ? ಚಕ್ರ ಸುಮ್ಮನೆ ನಿಲ್ಲುತ್ತೆ, ಶಾಫ್ಟ್ ತಿರುಗುತ್ತೆ. ನೋಡಿದವನು "ಉಲ್ಟಾ ತಿರುಗಲಿಲ್ಲ, ಹಾಗಾದ್ರೆ ಎಲ್‌ಎಸ್‌ಡಿ" ಅಂತಾನೆ. ತುಕ್ಕು ಹಿಡಿದ ಬ್ರೇಕ್ ಡ್ರಮ್ಮಿಗೆ ಜಾಸ್ತಿ ದುಡ್ಡು ಕೊಟ್ಟ ಹಾಗಾಯಿತು.

ಇದಕ್ಕಿಂತ ದೊಡ್ಡ ಗೋಜಲು ಎಲ್‌ಎಸ್‌ಡಿ ಅನ್ನೋದು ಒಂದೇ ವಸ್ತು ಅಲ್ಲ ಅನ್ನೋದು. ಸ್ಪ್ರಿಂಗ್ ಒತ್ತಿ ಹಿಡಿದ ಕ್ಲಚ್ ಪ್ಲೇಟ್‌ಗಳದ್ದು ಒಂದು ಜಾತಿ. ಜ್ಯಾಕಿ ಪರೀಕ್ಷೆ ಹುಟ್ಟಿದ್ದೇ ಅದಕ್ಕೆ. ಹೊಸದಿದ್ದಾಗ ಖಂಡಿತ ಎರಡೂ ಚಕ್ರ ಒಂದೇ ಕಡೆ ತಿರುಗುತ್ತೆ. ಆದರೆ ನಾವು ಮಾತಾಡ್ತಿರೋದು ಹಳೇ ಕಾರಿನ ಬಗ್ಗೆ. ಪ್ಲೇಟ್ ಸವೆದರೆ ಅದು ಓಪನ್ ಥರಾನೇ ಆಡುತ್ತೆ. ಆಗ "ಎಲ್‌ಎಸ್‌ಡಿ ಇಲ್ಲ" ಅನ್ನೋದು ತಪ್ಪು, "ಇದೆ, ಸತ್ತಿದೆ" ಅನ್ನೋದು ಸರಿ. ಕೊಳ್ಳುವವನಿಗೆ ಈ ವ್ಯತ್ಯಾಸ ಮುಖ್ಯ, ಪ್ಲೇಟ್ ಹಾಕಿಸಿದರೆ ಬದುಕುತ್ತೆ. ವಿಸ್ಕಸ್ ಅನ್ನೋದು ಇನ್ನೊಂದು. ಒಳಗೆ ದಪ್ಪ ಸಿಲಿಕೋನ್ ದ್ರವ. ಮೆಲ್ಲಗೆ ತಿರುಗಿಸಿದರೆ ಬಿಡುತ್ತೆ, ಜೋರಾಗಿ ತಿರುಗಿಸಿದರೆ ಹಿಡಿಯುತ್ತೆ. ಟಾರ್ಸನ್ ಮೂರನೇದು. ಅದರಲ್ಲಿ ಬರೀ ಗೇರುಗಳು, ಹಿಡಿತ ಹುಟ್ಟೋದು ಅದರ ಮೂಲಕ ಹಾಯುವ ಟಾರ್ಕ್‌ನಿಂದಲೇ. ಒಂದು ಕಡೆ ಸಿಕ್ಕಿದ್ದರ ಎರಡೂವರೆ ಪಟ್ಟನ್ನ ಇನ್ನೊಂದು ಕಡೆಗೆ ಕಳಿಸಬಲ್ಲದು ಅಂತ ಇಟ್ಕೊಳ್ಳಿ. ಕೆಸರಿನ ಚಕ್ರಕ್ಕೆ 40 ಇದ್ದರೆ ಕಲ್ಲಿನ ಚಕ್ರಕ್ಕೆ 100. ಚೆನ್ನಾಗಿದೆ. ಆದರೆ ಚಕ್ರ ಗಾಳಿಯಲ್ಲಿದ್ದರೆ? ಸೊನ್ನೆಯ ಎರಡೂವರೆ ಪಟ್ಟು ಸೊನ್ನೆ. ಎರಡೂ ಚಕ್ರ ಗಾಳಿಯಲ್ಲಿ ಎತ್ತಿ, ಕೈಯ ಸಣ್ಣ ಬಲದಲ್ಲಿ ತಿರುಗಿಸಿ, ಟಾರ್ಸನ್ ಇದೆಯಾ ಅಂತ ಕೇಳೋದು ಅಂದ್ರೆ ಈಜು ಬರುತ್ತಾ ಅಂತ ಬಚ್ಚಲುಮನೆಯಲ್ಲಿ ನೋಡಿದ ಹಾಗೆ. ಒಂದೇ ಕಡೆ ತಿರುಗಬಹುದು, ಉಲ್ಟಾನೂ ತಿರುಗಬಹುದು.

ಒಂದೇ ಕಾರಿನಲ್ಲಿ ಎರಡು ಜಾತಿ ಸಿಗೋದೂ ಉಂಟು. ಅಮೆರಿಕಕ್ಕೆ ಎಂ.ಎಸ್.ಗೆ ಹೋದ ಸೀನಿಯರ್‌ಗಳ ಕನಸಿನ ಪುಟ್ಟ ಕಾರು ಮಾಜ್ಡಾ ಮಿಯಾಟಾ. 1989ರಲ್ಲಿ ಬಂದ ಮೊದಲ ಪೀಳಿಗೆಯ 1.6 ಲೀಟರ್ ಕಾರುಗಳಿಗೆ ಐಚ್ಛಿಕವಾಗಿ ಬರ್ತಿದ್ದಿದ್ದು ವಿಸ್ಕಸ್. 1994ರ 1.8 ಲೀಟರ್‌ನಿಂದ ಟಾರ್ಸನ್. ನೋಡೋಕೆ ಎರಡೂ ಒಂದೇ ಥರದ ಕಾರು. "ಮಿಯಾಟಾದಲ್ಲಿ ಹೀಗೆ ಚೆಕ್ ಮಾಡು" ಅಂತ ಯಾರಾದರೂ ಹೇಳಿದರೆ ಮೊದಲು ವರ್ಷ ಕೇಳಿ.

ನಮ್ಮಲ್ಲಿ ಈ ಪ್ರಶ್ನೆ ಜಾಸ್ತಿ ಏಳೋದು ಮಹೀಂದ್ರಾ ಗಾಡಿಗಳ ಸುತ್ತ. 2015ರ ಥಾರ್‌ನಿಂದ ಹಿಂದಿನ ಆಕ್ಸೆಲ್‌ಗೆ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಬರ್ತಿದೆ. ಮಾರುವವರು ಅದನ್ನೂ ಎಲ್‌ಎಸ್‌ಡಿ ಅಂತಾರೆ. ಅದು ಎಲ್‌ಎಸ್‌ಡಿ ಅಲ್ಲ, ಲಾಕರ್. ಮಾಮೂಲಿ ಹೊತ್ತಲ್ಲಿ ಓಪನ್ ಥರ ಇರುತ್ತೆ. ಎರಡೂ ಚಕ್ರಗಳ ವೇಗದ ಅಂತರ ಸುಮಾರು 100 ಆರ್‌ಪಿಎಂ ದಾಟಿದರೆ ಒಳಗಿನ ಸಣ್ಣ ತೂಕಗಳು ಹೊರಕ್ಕೆ ಚಿಮ್ಮಿ ಕೊಂಡಿಗೆ ಸಿಕ್ಕಿ ಪೂರ್ತಿ ಲಾಕ್ ಆಗುತ್ತೆ. ಅಮೆರಿಕದ ಶೆವ್ರೊಲೆ ಪಿಕಪ್‌ಗಳಲ್ಲಿ ದಶಕಗಳಿಂದ ಇರೋದೂ ಇದೇ ಕುಟುಂಬ. ಈಗ ಜ್ಯಾಕಿ ಹಾಕಿ ಮೆಲ್ಲಗೆ ತಿರುಗಿಸಿದರೆ ಆಚೆ ಚಕ್ರ ನೀಟಾಗಿ ಉಲ್ಟಾ ತಿರುಗುತ್ತೆ. "ಓಪನ್ ಗುರೂ, ಮೋಸ ಮಾಡ್ತಿದ್ದಾನೆ" ಅಂತ ಎದ್ದು ಬರ್ತೀರಿ. ಆದರೆ ಲೆಕ್ಕ ಹಾಕಿ: ಗೇರ್ ಬಿದ್ದಿದ್ದಾಗ ಈ ಚಕ್ರ 50 ಆರ್‌ಪಿಎಂ ಮುಂದಕ್ಕೆ, ಆಚೆ ಚಕ್ರ 50 ಹಿಂದಕ್ಕೆ, ಅಂತರ 100. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಸುತ್ತು. ಟೈರನ್ನ ಜೋರಾಗಿ ಎಳೆದು ಬಿಟ್ಟರೆ ‘ಟಕ್’ ಅಂತ ಹಿಡಿಯೋ ಸಾಧ್ಯತೆ ಇದೆ. ಅದೇ ಪರೀಕ್ಷೆ, ಅದೇ ಗಾಡಿ. ಮೆಲ್ಲಗೆ ಮಾಡಿದವನಿಗೆ ಒಂದು ಉತ್ತರ, ಜೋರಾಗಿ ಮಾಡಿದವನಿಗೆ ಇನ್ನೊಂದು.

ಇನ್ನು ನಿಜವಾದ ಮೋಸ. ಡಿಫರೆನ್ಷಿಯಲ್ ಒಳಗಿನ ಸ್ಟಾರ್ ಪಿನಿಯನ್‌ಗಳನ್ನ ವೆಲ್ಡ್ ಮಾಡಿಬಿಟ್ಟಿರೋ ಗಾಡಿಗಳಿರುತ್ತವೆ. ಡ್ರಿಫ್ಟ್ ಹುಚ್ಚಿಗೋ, ಕೆಸರಿನ ಹುಚ್ಚಿಗೋ ಮಾಡಿಸಿರ್ತಾರೆ. ಜ್ಯಾಕಿ ಪರೀಕ್ಷೆಯಲ್ಲಿ ಅದಕ್ಕೆ ನೂರಕ್ಕೆ ನೂರು! ಎರಡೂ ಚಕ್ರ ಸೈನಿಕರ ಥರ ಒಂದೇ ಕಡೆ. ಎಲ್‌ಎಸ್‌ಡಿ ಅಂತ ದುಡ್ಡು ಕೊಟ್ಟು ತಂದರೆ ಮೊದಲ ಯು ಟರ್ನ್‌ನಲ್ಲೇ ಟೈರು ಕಿರುಚುತ್ತೆ. ಹಿಂದಿನ ಟೈರು ಬೇಗ ಸವೆಯುತ್ತೆ, ಆಕ್ಸೆಲ್ ಶಾಫ್ಟಿಗೆ ಸುಮ್ಮನೆ ತಿರುಚಾಟ. ಮಳೆಯಲ್ಲಿ ಘಾಟಿ ತಿರುವಿಗೆ ಇಂಥ ಗಾಡಿ ಒಯ್ಯೋದು ನನಗಂತೂ ಬೇಡ.

ಹಾಗಾದರೆ ಏನು ಮಾಡಬೇಕು? ನನ್ನ ಮೆಚ್ಚಿನ ಪರೀಕ್ಷೆ ಟಾರ್ಕ್ ಅಳೆಯೋದು. ಸರ್ವಿಸ್ ಮ್ಯಾನ್ಯುಯಲ್‌ಗಳು ಇದನ್ನೇ ಹೇಳೋದು, ಆದರೆ ರೀಲ್ಸ್‌ನಲ್ಲಿ ಚೆನ್ನಾಗಿ ಕಾಣಲ್ಲ ಅಂತ ಯಾರೂ ಮಾಡಲ್ಲ. ಒಂದೇ ಹಿಂದಿನ ಚಕ್ರ ಎತ್ತಿ. ಇನ್ನೊಂದು ನೆಲದ ಮೇಲೇ ಇರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಎತ್ತಿದ ಚಕ್ರವನ್ನ ಟಾರ್ಕ್ ರೆಂಚ್‌ನಿಂದ ತಿರುಗಿಸಿ, ಅದು ಒಂದೇ ಸಮ ತಿರುಗೋಕೆ ಎಷ್ಟು ಬೇಕು ಅಂತ ಓದಿ. ಓಪನ್ ಆದರೆ ಕೆಲವೇ ನ್ಯೂಟನ್ ಮೀಟರ್, ಬೇರಿಂಗ್ ಮತ್ತು ಆಯಿಲ್‌ನ ಎಳೆತ ಅಷ್ಟೇ. ಕ್ಲಚ್ ಪ್ಲೇಟ್ ಜೀವಂತ ಇದ್ದರೆ ಸಂಖ್ಯೆ ಎದ್ದು ಕಾಣುತ್ತೆ, ಎಷ್ಟಿರಬೇಕು ಅಂತ ಆ ಕಾರಿನ ಮ್ಯಾನ್ಯುಯಲ್ ಹೇಳುತ್ತೆ. ವೆಲ್ಡ್ ಆಗಿದ್ದರೆ ತಿರುಗೋದೇ ಇಲ್ಲ, ಬಲ ಹಾಕಿದಷ್ಟೂ ನೆಲದ ಮೇಲಿನ ಟೈರು ಗಾಡಿಯನ್ನೇ ತಳ್ಳೋಕೆ ನೋಡುತ್ತೆ. ಟಾರ್ಕ್ ರೆಂಚ್ ಇಲ್ವಾ? ಚಕ್ರದ ನಟ್‌ಗಳಿಗೆ ಒಂದು ಪಟ್ಟಿ ಬಿಗಿದು, ನಡುವಿನಿಂದ ಅರ್ಧ ಮೀಟರ್ ದೂರಕ್ಕೆ ಜಿಮ್ಮಿನ 10 ಕೆಜಿ ಪ್ಲೇಟ್ ತೂಗುಹಾಕಿ. ಪಟ್ಟಿ ನೆಲಕ್ಕೆ ಸಮಾನಾಂತರ ಇದ್ದಾಗ ಅದು 49 ನ್ಯೂಟನ್ ಮೀಟರ್. ಚಕ್ರ ತಿರುಗಿತಾ, ನಿಂತಿತಾ? ಹೌದು ಇಲ್ಲ ಅನ್ನುವ ಉತ್ತರಕ್ಕಿಂತ ಒಂದು ಸಂಖ್ಯೆ ಯಾವಾಗಲೂ ಒಳ್ಳೇದು. ಅದು ಇದೆಯಾ ಅಂತ ಮಾತ್ರ ಅಲ್ಲ, ಎಷ್ಟು ಉಳಿದಿದೆ ಅಂತಾನೂ ಹೇಳುತ್ತೆ. ಟಾರ್ಸನ್‌ಗೂ ಈಟನ್ ಲಾಕರ್‌ಗೂ ಇದೂ ಪೂರ್ತಿ ಉತ್ತರ ಅಲ್ಲ, ಅದು ನೆನಪಿರಲಿ.

ಅದಕ್ಕೇ ಚಕ್ರ ಮುಟ್ಟುವ ಮೊದಲು ಕಾಗದ, ತಗಡು ನೋಡಬೇಕು. ಹಳೇ ಫೋರ್ಡ್ ಆಕ್ಸೆಲ್‌ನ ಬೋಲ್ಟಿಗೆ ಸಣ್ಣ ತಗಡು ಕಟ್ಟಿರುತ್ತೆ. 3ಎಲ್73 ಅಂತ ಇದ್ದರೆ 3.73 ಅನುಪಾತ, ನಡುವಿನ ಎಲ್ ಅಂದರೆ ಲಿಮಿಟೆಡ್ ಸ್ಲಿಪ್. ಜನರಲ್ ಮೋಟಾರ್ಸ್ ಗಾಡಿಯ ಸ್ಟಿಕ್ಕರ್‌ನಲ್ಲಿ ಜಿ80 ಅನ್ನೋ ಕೋಡ್ ಹುಡುಕಬೇಕು. ಬಿಎಂಡಬ್ಲ್ಯು ಇ30ಯಲ್ಲಿ ಅನುಪಾತದ ಮುಂದೆ ಎಸ್ ಅಕ್ಷರ. ತಗಡು ಹೇಳೋದು ಕಾರ್ಖಾನೆಯಿಂದ ಹೊರಟ ದಿನದ ಕಥೆ ಮಾತ್ರ. ಮೂವತ್ತು ವರ್ಷದಲ್ಲಿ ಆಕ್ಸೆಲ್ ಬದಲಾಗಿರಬಹುದು, ಒಳಗಿನದು ಬದಲಾಗಿರಬಹುದು, ತಗಡೇ ಬದಲಾಗಿರಬಹುದು. ಆದರೂ ಒಳಗೆ ಯಾವ ಜಾತಿ ಇರಬೇಕು ಅಂತ ಅದು ಹೇಳುತ್ತೆ. ಅದು ಗೊತ್ತಾದರೆ ಯಾವ ಪರೀಕ್ಷೆ ಮಾಡಬೇಕು, ಏನು ಬಂದರೆ ಏನರ್ಥ ಅನ್ನೋದು ಗೊತ್ತಾಗುತ್ತೆ. ನಿಜಕ್ಕೂ ದುಡ್ಡು ಜಾಸ್ತಿ ಕೇಳ್ತಿದ್ದರೆ ಕೊನೇ ದಾರಿ ಕವರ್ ಬಿಚ್ಚೋದು. ಆಯಿಲ್ ಹೇಗೂ ಬದಲಾಯಿಸಬೇಕು ತಾನೇ? ಓಪನ್ ಆದರೆ ನಡುವೆ ಒಂದು ಪಿನ್, ಪಿನಿಯನ್‌ಗಳು, ಸುತ್ತ ಖಾಲಿ ಜಾಗ. ಕ್ಲಚ್ ಜಾತಿಯಾದರೆ ಎಷ್ಟೋ ವಿನ್ಯಾಸಗಳಲ್ಲಿ ನಡುವೆ ಸ್ಪ್ರಿಂಗ್ ಕಾಣುತ್ತೆ. ವೆಲ್ಡ್ ಆಗಿದ್ದರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕವರ್ ಬಿಚ್ಚೋಕೆ ಬಿಡಲ್ಲ ಅಂದರೆ ಓಪನ್‌ನ ರೇಟಿಗೇ ಮಾತಾಡಿ. ನಾನು ಹಾಗೇ ಮಾಡ್ತೀನಿ.

ಒಂದು ಅಡ್ಡಮಾತು. ಕೆಸರಲ್ಲಿ ಸಿಕ್ಕಾಗ "ಹ್ಯಾಂಡ್‌ಬ್ರೇಕ್ ಅರ್ಧ ಎಳಿ, ಗಾಡಿ ಎದ್ದು ಬರುತ್ತೆ" ಅಂತ ಮಲೆನಾಡಿನ ಯಾವ ಡ್ರೈವರಣ್ಣನಾದರೂ ಹೇಳಿರ್ತಾನೆ. ಲೆಕ್ಕ ಮಾಡಿ. ಕೆಸರಿನ ಚಕ್ರಕ್ಕೆ 40, ಬ್ರೇಕ್ ಎರಡೂ ಕಡೆ 60. ಈಗ ಸುತ್ತುವ ಚಕ್ರದ ಶಾಫ್ಟ್ ಹೊರುವುದು 100. ಓಪನ್ ಆದರೆ ಆಚೆ ಶಾಫ್ಟಿಗೂ 100, ಅದರಲ್ಲಿ ಬ್ರೇಕಿಗೆ 60 ಹೋದರೆ ನೆಲಕ್ಕೆ ಮತ್ತೆ 40. ಏನೂ ಸಿಗಲಿಲ್ಲ. ಅದೇ ಟಾರ್ಸನ್ ಆದರೆ ಆಚೆ ಶಾಫ್ಟಿಗೆ 250ರವರೆಗೆ, ಬ್ರೇಕ್ ಕಳೆದರೆ 190. ಟಾರ್ಸನ್ ಇರುವ ಅಮೆರಿಕ ಸೇನೆಯ ಹಮ್‌ವೀ ಡ್ರೈವರ್‌ಗಳಿಗೆ ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತೋಕೆ ಕಲಿಸೋದು ಇದಕ್ಕೇ. ಡ್ರೈವರಣ್ಣನ ಗಾಡಿ ಓಪನ್ ಆಗಿದ್ದೂ ಎದ್ದು ಬಂದಿದ್ದರೆ ಅವನ ಎರಡು ಬ್ರೇಕೂ ಸಮ ಹಿಡಿಯಲ್ಲ ಅಂತ ನನ್ನ ಗುಮಾನಿ. ಅವನ ಹತ್ತಿರ ವಾದಕ್ಕೆ ಹೋಗಬೇಡಿ, ಎಳೆದು ಹಾಕಬೇಕಾದವನು ಅವನೇ.

ನಗೆ ಬಿಟ್ಟು ಹೇಳಬೇಕಾದ್ದು ಒಂದಿದೆ. ಒಂದೇ ಚಕ್ರ ಜ್ಯಾಕಿ ಮೇಲೆತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ "ನೋಡೋಣ ಏನಾಗುತ್ತೆ" ಅನ್ನೋದನ್ನ ಮಾತ್ರ ಯಾವತ್ತೂ ಮಾಡಬೇಡಿ. ಓಪನ್ ಆಗಿದ್ದರೆ ಎತ್ತಿದ ಚಕ್ರ ಸುತ್ತುತ್ತೆ. ನೀವು ಹುಡುಕ್ತಿರೋ ಎಲ್‌ಎಸ್‌ಡಿ ನಿಜವಾಗಲೂ ಇದ್ದರೆ ನೆಲದ ಮೇಲಿನ ಚಕ್ರಕ್ಕೆ ಬಲ ಹೋಗಿ ಗಾಡಿ ಜ್ಯಾಕಿಯಿಂದ ಹಾರುತ್ತೆ. ಪರೀಕ್ಷೆ ಪಾಸಾದಾಗಲೇ ಮನುಷ್ಯ ಸಾಯೋ ಪರೀಕ್ಷೆ ಅದು. ಎಂಜಿನ್ ಆಫ್, ಕೀ ಜೇಬಿನಲ್ಲಿ. ಸಮತಟ್ಟಾದ ಕಾಂಕ್ರೀಟ್ ನೆಲ. ಜ್ಯಾಕಿ ಎತ್ತೋಕೆ ಮಾತ್ರ, ಭಾರ ನಿಲ್ಲೋದು ಆಕ್ಸೆಲ್ ಸ್ಟ್ಯಾಂಡ್ ಮೇಲೆ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೇ ಇರೋದರಿಂದ ಅದನ್ನ ಬಿಟ್ಟಿರ್ತೀರಿ, ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆಕಟ್ಟೆ ಬೇಕೇ ಬೇಕು. ಇಟ್ಟಿಗೆ ಒಡೆಯುತ್ತೆ, ಮರದ ತುಂಡು ಇಡಿ. ಗಾಡಿ ಕೆಳಗೆ ಯಾರೂ ತಲೆ ಹಾಕಬಾರದು.

ಇಷ್ಟು ಓದಿದ ಮೇಲೆ ನಿಮಗೊಂದು ಸಂಶಯ ಬರಬಹುದು: ಪೇಟೆಯಲ್ಲಿ ಓಡಿಸುವವನಿಗೆ ಈ ಎಲ್‌ಎಸ್‌ಡಿ ಬೇಕಾ? ಬೇಡ. ಹಾಸ್ಟೆಲ್‌ನಿಂದ ಮೇಜೆಸ್ಟಿಕ್‌ಗೆ ಹೋಗೋಕೆ ಓಪನ್ ಡಿಫರೆನ್ಷಿಯಲ್ ಧಾರಾಳ. ಹೊಸ ಕಾರುಗಳ ಬ್ರೋಷರ್‌ನಲ್ಲಿ ‘ಎಲೆಕ್ಟ್ರಾನಿಕ್’ ಅಂತ ಸೇರಿಸಿ ಬರೆಯೋದು ಎಷ್ಟೋ ಸಲ ಸುತ್ತುವ ಚಕ್ರಕ್ಕೆ ಕಂಪ್ಯೂಟರ್ ಬ್ರೇಕ್ ಒತ್ತೋದು ಮಾತ್ರ, ಒಳಗೆ ಅದೇ ಓಪನ್. ಕೆಟ್ಟದ್ದಲ್ಲ, ನಮ್ಮ ಟ್ರ್ಯಾಕ್ಟರ್‌ನ ಒಂದು ಕಡೆ ಬ್ರೇಕಿನ ಉಪಾಯವೇ ಅದು.

ನನಗೆ ಕಿರಿಕಿರಿ ಆಗೋದು ನಮ್ಮ ಲ್ಯಾಬಿನ ವಿಷಯಕ್ಕೆ. ಹೆಚ್ಚಿನ ಕಾಲೇಜುಗಳ ಹಾಗೆ ನಮ್ಮಲ್ಲೂ ಡಿಫರೆನ್ಷಿಯಲ್ ಅಂದರೆ ಅರ್ಧ ಕೊಯ್ದು ಕೆಂಪು ಹಳದಿ ಬಣ್ಣ ಬಳಿದು ಸ್ಟ್ಯಾಂಡ್ ಮೇಲೆ ಇಟ್ಟ ಮಾದರಿ. ಹ್ಯಾಂಡಲ್ ತಿರುಗಿಸಿದರೆ ಎಲ್ಲ ಗೇರೂ ಕಾಣುತ್ತೆ. ಎಲ್ಲ ಕಾಣುವ ಕಡೆ ಪತ್ತೆ ಹಚ್ಚೋಕೆ ಏನಿದೆ? ಚಿತ್ರ ಬರೆದು, ಭಾಗಗಳ ಹೆಸರು ಬರೆದು, ಸೈನ್ ಹಾಕಿಸಿಕೊಂಡು ಬರ್ತೀವಿ. ಕೆಲಸಕ್ಕೆ ಸೇರಿದ ಮೇಲೆ ಯಾರೂ ನಮಗೆ ಕೊಯ್ದಿಟ್ಟ ಯಂತ್ರ ಕೊಡಲ್ಲ, ಮುಚ್ಚಿದ ಡಬ್ಬಿ ಕೊಟ್ಟು ಒಳಗೇನಿದೆ ಹೇಳು ಅಂತಾರೆ. ವರ್ಕ್‌ಶಾಪ್ ಹಿಂದೆ ಟಾರ್ಪಲ್ ಹೊದ್ದು ಕೂತಿರೋ ಹಳೇ ಜೀಪಿನ ಆಕ್ಸೆಲ್ ಅಂಥದ್ದೊಂದು ಡಬ್ಬಿ. ಒಂದು ಬ್ಯಾಚಿಗೆ ಎರಡು ಗಂಟೆ ಸಾಕು. ಮೊದಲು ಕೋಡ್ ಹುಡುಕಿ ಊಹೆ ಬರೆಯಲಿ, ಆಮೇಲೆ ಚಕ್ರ ತಿರುಗಿಸಲಿ, ಆಮೇಲೆ ಟಾರ್ಕ್ ಅಳೆಯಲಿ, ಕೊನೆಗೆ ಲ್ಯಾಬ್ ಸರ್ ಎದುರು ಕವರ್ ಬಿಚ್ಚಿ ಯಾರ ಊಹೆ ಸರಿ ಅಂತ ನೋಡಲಿ. ಸಿಲಬಸ್‌ನಲ್ಲಿ ಇಲ್ಲ ಅಂತ ಯಾರಾದರೂ ಹೇಳಿದರೆ ಕ್ಲಬ್ಬಿನ ಶನಿವಾರದ ಚಟುವಟಿಕೆ ಅಂತ ಮಾಡೋಣ. ಸ್ಟ್ಯಾಂಡ್ ನಾಲ್ಕಿವೆ, ಮರದ ತುಂಡು ಕಾರ್ಪೆಂಟ್ರಿ ಸೆಕ್ಷನ್‌ನಲ್ಲಿ ಬಿದ್ದಿವೆ. ಟಾರ್ಕ್ ರೆಂಚ್ ಬೀರುವಿನ ಒಳಗೆ ಪ್ಯಾಕಿಂಗ್ ಕೂಡ ಬಿಚ್ಚದೆ ಇದೆ. ಬೀರುವಿನ ಕೀ ಯಾರ ಹತ್ತಿರ ಇದೆ ಅಂತ ಗೊತ್ತಿರುವವರು ಸ್ವಲ್ಪ ತಿಳಿಸಿ.